ಬುತ್ತಿ ಕಟ್ಟಿದ ರಾತ್ರಿ

ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಐವತ್ತು ವರ್ಷಗಳಿಂದ ಓಡಾಡಿಕೊಂಡಿದೆ: ‘ಎಷ್ಟ ಆತು?’

ಕೇಳುವವಳು ಅವ್ವ. ಕೇಳುವುದು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕೈಗೆ ಮೆತ್ತಿದ ಜೋಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಒಳಗೆ ಟಿವಿಯಲ್ಲಿ ಸಿನಿಮಾ ನಡೆದಿರುತ್ತದೆ. ಎಷ್ಟು ಆಗಿಹೋಯಿತು, ಇವನು ಯಾರು, ಅವಳು ಯಾಕೆ ಅಳುತ್ತಿದ್ದಾಳೆ ಎಂದು ನಾವು ಎರಡು ಮಾತಿನಲ್ಲಿ ಹೇಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದು ಅವಳು ಒಳಗೆ ಓಡಿರುತ್ತಾಳೆ. ಮನೆಯವರೆಲ್ಲ ಹೊಟ್ಟೆತುಂಬ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ಉಂಡು ಸಿನಿಮಾ ನೋಡುವ ರಾತ್ರಿಯನ್ನು ನಾವು ಸುಖದ ರಾತ್ರಿ ಎಂದು ನೆನೆಯುತ್ತೇವೆ. ನಾನೂ ಹಾಗೆಯೇ ನೆನೆಯುತ್ತಿದ್ದೆ, ಮುತ್ಯಾನ ಲೆಕ್ಕದ ವಹಿ ಕೈಗೆ ಸಿಗುವವರೆಗೆ.

ಅವ್ವನ ತವರು ಹುಕ್ಕೇರಿ ಕಡೆ. ನಾವು ಬೆಳೆದದ್ದು ಗೋಕಾಕ ಸೀಮೆಯ ಹಳ್ಳಿಯಲ್ಲಿ. ನಾನು ಇತಿಹಾಸ ಪಾಠ ಹೇಳುತ್ತ ನೌಕರಿ ಮುಗಿಸಿದ್ದು ಮೂಡಲಗಿಯಲ್ಲಿ. ಕೆಲಸದಿಂದ ಬಿಡುವಾದ ಮೇಲೆ ಹಳೆಯ ಮನೆಯ ಅಟ್ಟ ಇಳಿಸಿದಾಗ ಕೆಂಪು ಬಟ್ಟೆಯ ರಟ್ಟಿನ ನಾಲ್ಕು ವಹಿಗಳು ಸಿಕ್ಕವು. ಮುತ್ಯಾ ಜಿಪುಣನಲ್ಲ, ಆದರೆ ಬರೆಯದೆ ಪೈಸೆ ಬಿಚ್ಚಿದವನಲ್ಲ. ಬೀಜಕ್ಕೆ ಇಷ್ಟು, ಎತ್ತಿನ ಲಾಳಕ್ಕೆ ಇಷ್ಟು, ಚಹಾಪುಡಿಗೆ ಇಷ್ಟು. ನಡುನಡುವೆ ‘ಸಿನೇಮಾ’ ಎಂಬ ನಮೂದು, ಪಕ್ಕದಲ್ಲಿ ಎಷ್ಟು ಜನ ಎಂಬ ಲೆಕ್ಕ. ನಮ್ಮದು ಆಗ ಹನ್ನೊಂದು ಜನರ ಮನೆ. ಹೆಚ್ಚಿನ ನಮೂದುಗಳಲ್ಲಿ ಟಿಕೀಟು ಏಳು. ಮುತ್ಯಾ, ಅಪ್ಪ, ಕಾಕಾ, ಉಳಿದ ನಾಲ್ಕು ಹುಡುಗರದು. ಆಯಿ, ಅವ್ವ, ಕಾಕು ಇವರ ಲೆಕ್ಕವಿಲ್ಲ. ಇನ್ನೂ ಎತ್ತಿಕೊಳ್ಳುವ ಕೂಸಾಗಿದ್ದ ನನಗೆ ಟಿಕೀಟೇ ಬೇಕಿರಲಿಲ್ಲ. ಬೆರಳೆಣಿಕೆಯ ಕೆಲವು ಕಡೆ ಮಾತ್ರ ‘ಜನ ಹತ್ತು’ ಎಂದಿದೆ. ಆ ಹತ್ತು ಜನರ ದಿನಗಳ ನಮೂದಿನ ಕೆಳಗೆ ತಪ್ಪದೆ ಇನ್ನೊಂದು ಶಬ್ದವಿದೆ: ‘ಬುತ್ತಿ’. ಸಂತೆಯಿಂದ ಹೆಚ್ಚಿಗೆ ತಂದ ಶೇಂಗಾ, ಬೆಲ್ಲ, ಪುಟಾಣಿಯ ಖರ್ಚು ಅದು.

ವಹಿಯ ಆ ಎರಡು ಸಾಲುಗಳನ್ನು ಜೋಡಿಸಿ ನೋಡಿದಾಗ ನನಗೆ ಹೊಳೆದದ್ದು ಇಷ್ಟು: ನಮ್ಮ ಸೀಮೆಯಲ್ಲಿ ಯಾರು ಸಿನಿಮಾ ನೋಡಬೇಕೆಂದು ನಿರ್ಧರಿಸಿದ್ದು ಟಿಕೀಟಿನ ದುಡ್ಡಲ್ಲ, ರಾತ್ರಿಯ ಊಟ. ಮನೆಯಲ್ಲಿ ಬಿಸಿ ಊಟವಾದ ದಿನ ಅವ್ವ ಸಿನಿಮಾ ನೋಡಲಿಲ್ಲ. ಬುತ್ತಿ ಕಟ್ಟಿದ ದಿನ ನೋಡಿದಳು. ನಮ್ಮ ಚಲನಚಿತ್ರದ ಚರಿತ್ರೆಗಳಲ್ಲಿ ನಟರಿದ್ದಾರೆ, ನಿರ್ದೇಶಕರಿದ್ದಾರೆ, ನೂರು ದಿನ ಓಡಿದ ಲೆಕ್ಕವಿದೆ. ರೊಟ್ಟಿಯ ಲೆಕ್ಕವಿಲ್ಲ. ಅದನ್ನು ಸ್ವಲ್ಪ ಬರೆದಿಡೋಣ ಎನಿಸಿತು.

ಸಿನಿಮಾ ಬರುವ ಮುಂಚೆಯೂ ನಮ್ಮಲ್ಲಿ ರಾತ್ರಿಯ ಆಟಗಳಿದ್ದವು. ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಕುಲಗೋಡ ಶ್ರೀಕೃಷ್ಣ ಪಾರಿಜಾತದ ಊರು. ಅಪರಾಳ ತಮ್ಮಣ್ಣನ ಕೃತಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆಟದ ರೂಪಕ್ಕೆ ತಂದವನು ಕುಲಗೋಡ ತಮ್ಮಣ್ಣ. ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಕೃಷ್ಣ ಅವಳನ್ನು ರಮಿಸಬೇಕು. ಕತೆ ಇಷ್ಟೇ. ಆದರೆ ಆಟ ರಾತ್ರಿ ಊಟವಾದ ಮೇಲೆ ಆರಂಭವಾದರೆ ಬೆಳಗಿನ ಕೋಳಿ ಕೂಗುವವರೆಗೆ. ಅದೇ ಸೀಮೆಯ ಕೌಜಲಗಿಯ ನಿಂಗಮ್ಮ ಈ ಆಟದಿಂದಲೇ ನಾಡಿಗೆಲ್ಲ ಹೆಸರಾದ ಕಲಾವಿದೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇಂಥ ಬಯಲಾಟಗಳ ಲೋಕದಿಂದಲೇ ತಮ್ಮ ನಾಟಕಗಳನ್ನು ಕಟ್ಟಿದವರು. ಮುಂದೆ ‘ಕಾಡುಕುದುರೆ’ಯಂಥ ಸಿನಿಮಾವನ್ನೂ ನಿರ್ದೇಶಿಸಿದರು. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು.

ಪಾರಿಜಾತದ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಹೊತ್ತು. ಇಡೀ ರಾತ್ರಿಯ ಆಟಕ್ಕೆ ತಡವಾಗಿ ಬಂದವರಿಗೆ ಮೋಸವಿಲ್ಲ. ಕತೆ ಎಲ್ಲರಿಗೂ ಗೊತ್ತು. ಗಂಡಸರಿಗೆ ಬಡಿಸಿ, ಮಕ್ಕಳಿಗೆ ಉಣ್ಣಿಸಿ, ತಾವು ಉಂಡು, ಒಲೆಗೆ ಬೂದಿ ಮುಚ್ಚಿ, ಮುಸುರೆ ಬಳಿದು ಹೆಣ್ಣುಮಕ್ಕಳು ಬಂದು ಕೂರುವ ಹೊತ್ತಿಗೆ ಸತ್ಯಭಾಮೆಯ ಸಿಟ್ಟು ಇನ್ನೂ ಇಳಿದಿರುತ್ತಿರಲಿಲ್ಲ. ‘ಆಟ ನಮಗ ಕಾಯ್ತಿತ್ತ’ ಎಂದು ಆಯಿ ಹೇಳುತ್ತಿದ್ದಳು. ಸಿನಿಮಾ ಮಾತ್ರ ಯಾರಿಗೂ ಕಾಯಲಿಲ್ಲ.

ನಮ್ಮ ಭಾಗ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಸಿನಿಮಾದ ಮಟ್ಟಿಗೆ ನಮಗೆ ಬೆಂಗಳೂರಿಗಿಂತ ಕೊಲ್ಲಾಪುರ ಹತ್ತಿರ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹೆದ್ದಾರಿ ಹಿಡಿದರೆ ನಿಪ್ಪಾಣಿ ದಾಟಿ ಕೊಲ್ಲಾಪುರ. ಅಲ್ಲಿ 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿತು, 1933ರಲ್ಲಿ ಪುಣೆಗೆ ಹೋಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತೆಂಬುದನ್ನು ನಾವೆಲ್ಲ ಓದಿದ್ದೇವೆ. ಅದು ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆದರೂ ನಮ್ಮ ಆಯಿಯ ತಲೆಮಾರಿನವರು ಮೊದಲು ನೋಡಿದ್ದು ಕನ್ನಡ ಸಿನಿಮಾ ಅಲ್ಲ. ಅವಳ ಪಾಲಿಗೆ ಮೊದಲ ಸಿನಿಮಾ ದಾಮ್ಲೆ ಮತ್ತು ಫತೇಲಾಲ್ ನಿರ್ದೇಶಿಸಿದ, 1936ರ ಮರಾಠಿ ‘ಸಂತ ತುಕಾರಾಮ’. ಪ್ರಭಾತ್ ಕಂಪನಿಯದು. ಅದು ದೇವರ ಸಿನಿಮಾ, ಆದ್ದರಿಂದ ಹೆಣ್ಣುಮಕ್ಕಳನ್ನು ಕರೆದೊಯ್ಯಲು ಮನೆಯಲ್ಲಿ ತಕರಾರಿರಲಿಲ್ಲ. ಈ ಮಾತನ್ನು ನೆನಪಿಡಿ, ನಲವತ್ತು ವರ್ಷಗಳ ಮೇಲೆ ಇದು ಮತ್ತೆ ಬರುತ್ತದೆ.

ಹಳ್ಳಿಗೆ ಸಿನಿಮಾ ಬಂದದ್ದು ಟೂರಿಂಗ್ ಟಾಕೀಸಿನ ತಂಬುವಿನಲ್ಲಿ. ಸುಗ್ಗಿ ಮುಗಿದು, ಜಾತ್ರೆಗಳು ಶುರುವಾಗಿ, ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಲಾರಿಯಲ್ಲಿ ತಂಬು, ಗಳ, ಕುರ್ಚಿ, ಜನರೇಟರ್ ಇಳಿಯುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಎತ್ತಿಕೊಂಡು ಹೋಗುತ್ತಿದ್ದರು. ಇಲ್ಲಿ ಒಂದು ವಿಚಿತ್ರ ನೋಡಿ. ಗೋಕಾಕ ಫಾಲ್ಸ್‌ನಲ್ಲಿ, 52 ಮೀಟರ್ ಎತ್ತರದಿಂದ ಘಟಪ್ರಭೆ ಬೀಳುವ ಜಾಗದಲ್ಲಿ, 1887ರಷ್ಟು ಹಿಂದೆಯೇ ನೀರಿನಿಂದ ವಿದ್ಯುತ್ತು ತಯಾರಾಗಿತ್ತು. ಆ ಶಕ್ತಿ ನೂಲಿನ ಗಿರಣಿಗೆ ಹೋಯಿತು. ಅಲ್ಲಿಂದ ಗಾಡಿಯ ದಾರಿಯಲ್ಲಿದ್ದ ನಮ್ಮ ಹಳ್ಳಿಯ ಮನೆಗಳಲ್ಲಿ ಅದಾದ ಎಂಟು ದಶಕಗಳ ಮೇಲೂ ಚಿಮಣಿ ಎಣ್ಣೆಯ ದೀಪ. ನಾನು ಮೊದಲು ಕಂಡ ವಿದ್ಯುದ್ದೀಪ ತಂಬುವಿನ ಬಾಗಿಲಲ್ಲಿ ತೂಗುಹಾಕಿದ್ದು, ಡೀಸೆಲ್ ಜನರೇಟರಿನ ಗುಡುಗುಡು ಸದ್ದಿನ ಜೊತೆ ಮಿಣುಕುತ್ತಿದ್ದುದು.

ತಂಬುವಿನ ಸಿನಿಮಾಕ್ಕೆ ಒಂದು ದೊಡ್ಡ ಮಿತಿ ಇತ್ತು. ಬಟ್ಟೆಯ ಗೋಡೆ ಹಗಲಿನ ಬೆಳಕನ್ನು ತಡೆಯದು. ಆದ್ದರಿಂದ ಪಟ್ಟಣದ ಟಾಕೀಸಿನ ಹಾಗೆ ಮಧ್ಯಾಹ್ನದ ಆಟ ಇಲ್ಲ. ಹೊತ್ತು ಮುಳುಗಿ ಕತ್ತಲಾದ ಮೇಲೆ ಮೊದಲನೆಯ ಆಟ, ಅದು ಬಿಟ್ಟ ಮೇಲೆ ಎರಡನೆಯದು. ಮೊದಲನೆಯ ಆಟದ ದೇವರ ಹಾಡು ಧ್ವನಿವರ್ಧಕದಲ್ಲಿ ಕೇಳಿಬರುವ ಗಳಿಗೆಯೇ ಹೊಲದಿಂದ ಬಂದವರು ಕೈಕಾಲು ತೊಳೆದು ‘ಉಣ್ಣಾಕ ನೀಡ್ರಿ’ ಎನ್ನುವ ಗಳಿಗೆ. ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಬಯಲಿನಲ್ಲಿ ಹಾಡು. ಎರಡೂ ಒಂದೇ ಹೊತ್ತಿಗೆ. ಎರಡನೆಯ ಆಟಕ್ಕೆ ಹೋಗಬಹುದಲ್ಲ ಎನ್ನಬೇಡಿ. ಅದು ಬಿಡುವುದು ನಡುರಾತ್ರಿ ಮೀರಿ. ನಸುಕಿನಲ್ಲಿ ಎದ್ದು ಹಿಂಡಬೇಕಾದ ಎಮ್ಮೆ ಇದ್ದ ಹೆಣ್ಣುಮಗಳಿಗೆ ಅದು ಆಗಿಬರುವ ಆಟವಲ್ಲ. ಅಲ್ಲದೆ ಅದು ‘ಗಂಡಸರ ಆಟ’ ಎಂದು ಊರೇ ತೀರ್ಮಾನಿಸಿತ್ತು.

ರೊಟ್ಟಿಯನ್ನು ಬೇಗ ಮಾಡಿಡಬಹುದಿತ್ತಲ್ಲ ಎಂದು ಬೆಂಗಳೂರಿನ ಗೆಳತಿಯೊಬ್ಬಳು ಒಮ್ಮೆ ಕೇಳಿದ್ದಳು. ಬಿಸಿ ಜೋಳದ ರೊಟ್ಟಿಯ ಸ್ವಭಾವ ಗೊತ್ತಿದ್ದವರು ಈ ಪ್ರಶ್ನೆ ಕೇಳುವುದಿಲ್ಲ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ ಬಿಸಿಬಿಸಿಯಿರುವಾಗಲೇ ನಾದಬೇಕು, ನಾದಿದ್ದನ್ನು ಆಗಿಂದಾಗಲೇ ಬಡಿಯಬೇಕು. ಆರಿದರೆ ಬಿರುಕು ಬಿಡುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೆಂಡಕ್ಕೆ ಒಡ್ಡಿ ಉಬ್ಬಿಸಬೇಕು. ಒಂದೊಂದಕ್ಕೆ ಎರಡು ನಿಮಿಷವೆಂದರೂ ಹನ್ನೊಂದು ಜನಕ್ಕೆ ಮೂವತ್ತು ರೊಟ್ಟಿ, ಒಂದು ಗಂಟೆ. ಅದೂ ಬಿಸಿಯದನ್ನೇ ಗಂಗಾಳಕ್ಕೆ ಹಾಕುತ್ತ ಹೋಗಬೇಕು. ಅಂದರೆ ಉಣ್ಣುವವರು ಉಂಡೇಳುವವರೆಗೆ ಬಡಿಯುವವಳು ಏಳುವಂತಿಲ್ಲ. ತಾನು ಉಣ್ಣುವುದು ಎಲ್ಲರಾದ ಮೇಲೆ. ಬಿಸಿ ರೊಟ್ಟಿಯ ರುಚಿಯನ್ನು ನಾನು ಈಗಲೂ ಹೊಗಳುತ್ತೇನೆ. ಆದರೆ ಆ ಬಿಸಿಯನ್ನು ಯಾರೋ ಒಬ್ಬರ ಸಂಜೆ ಕೊಟ್ಟು ಕೊಂಡಿರುತ್ತೇವೆ.

ಹಾಗಾಗಿ ಅವ್ವ ಸಿನಿಮಾಕ್ಕೆ ಹೋದ ರಾತ್ರಿಗಳಲ್ಲೂ ಬಹಳ ಸಲ ನಡುವಿನಿಂದ ನೋಡಿದಳು. ‘ನೀವ ಹೋಗ್ರಿ, ನಾ ಹಿಂದಿಂದ ಬರ್ತೇನಿ’ ಎನ್ನುವುದು ಅವಳ ಮಾತು. ಉಳಿದವರು ಹೋದ ಮೇಲೆ ಮುಸುರೆ ಮುಗಿಸಿ, ಓಣಿಯ ಇಬ್ಬರನ್ನು ಜತೆ ಮಾಡಿಕೊಂಡು ಬರುವಷ್ಟರಲ್ಲಿ ಒಂದಿಷ್ಟು ಕತೆ ಆಗಿಹೋಗಿರುತ್ತಿತ್ತು. ತಂಬುವಿನವರು ನಡುವೆ ಬಂದವರಿಂದ ಕಡಿಮೆ ದುಡ್ಡು ತೆಗೆದುಕೊಳ್ಳುತ್ತಿದ್ದರು, ಒಮ್ಮೊಮ್ಮೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಹುಶಃ ಅದಕ್ಕೇ ಮುತ್ಯಾನ ವಹಿಯಲ್ಲಿ ಅವಳ ಲೆಕ್ಕವಿಲ್ಲ. ಅರ್ಧ ಸಿನಿಮಾ ನೋಡಿದವಳಿಗೆ ಚರಿತ್ರೆಯಲ್ಲಿ ಜಾಗ ಎಲ್ಲಿ!

ಒಂದು ಉಪಕಾರವೂ ಇತ್ತು. ನಾವು ನೋಡಿದ ತಂಬುಗಳಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ದೀಪ ಹತ್ತಿಸಿ ಹೊಸದನ್ನು ಏರಿಸಬೇಕು. ಎರಡು ಸಾವಿರ ಅಡಿಯ ಒಂದು ರೀಲು ಓಡುವುದು ಹೆಚ್ಚೆಂದರೆ ಇಪ್ಪತ್ತೆರಡು ನಿಮಿಷ. ಹೀಗೆ ದೀಪ ಹತ್ತಿದ ಗಳಿಗೆಯಲ್ಲಿ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ನಮ್ಮನ್ನು ಹುಡುಕುತ್ತ ಬರುತ್ತಿದ್ದಳು. ಕೂರುತ್ತಲೇ ಕೇಳುವ ಮೊದಲ ಮಾತು ‘ಎಷ್ಟ ಆತು?’. ಈ ಪ್ರಶ್ನೆ ಹುಟ್ಟಿದ್ದು ಟಿವಿಯ ಮುಂದೆ ಅಲ್ಲ, ಅಲ್ಲಿ.

ಇನ್ನು ಬುತ್ತಿಯ ಮಾತು. ನಮ್ಮಲ್ಲಿ ಬುತ್ತಿ ಎಂದರೆ ದಾರಿಯ ಊಟ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಗಾಡಿ ಕಟ್ಟುವಾಗ, ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ, ಮೂಡಲಗಿಯ ದನದ ಸಂತೆಗೆ ನಡೆಯುವಾಗ ಬುತ್ತಿ ಬೇಕು. ಅದರ ಬೆನ್ನೆಲುಬು ಖಡಕ್ ರೊಟ್ಟಿ. ತೆಳ್ಳಗೆ ಬಡಿದು, ಹಂಚಿನಲ್ಲಿ ಬೇಯಿಸಿ, ಒಲೆಯ ಪಕ್ಕ ಒರಗಿಸಿಟ್ಟು ನೀರಿನಂಶ ಹೋಗುವವರೆಗೆ ಒಣಗಿಸಿದರೆ ಎಷ್ಟೋ ದಿನ ಕೆಡುವುದಿಲ್ಲ. ಅದರ ಜೊತೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ. ಆ ದಿನಕ್ಕೆಂದು ಮಾಡಿದ ಗಟ್ಟಿ ಝುಣಕ, ಮಡಿಕೆಕಾಳಿನ ಉಸುಳಿ, ಎಣ್ಣೆ ಮುಂದಾಗಿಸಿ ಬೇಯಿಸಿದ ಬದನೆಕಾಯಿ. ಒಂದು ಗಡಿಗೆ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೂಲಂಗಿ. ಹಬ್ಬದ ಆಸುಪಾಸಾದರೆ ಶೇಂಗಾ ಹೋಳಿಗೆ. ಗೋಕಾಕದ ಸಂತೆಗೆ ಯಾರಾದರೂ ಹೋಗಿ ಬಂದಿದ್ದರೆ ಕರದಂಟು: ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಸೇರಿದ್ದು, ಒಂದು ತುಂಡು ಬಾಯಲ್ಲಿಟ್ಟರೆ ಒಂದು ರೀಲು ಮುಗಿಯುವವರೆಗೆ ಸಾಕು.

ಈ ಊಟದ ಗುಣವೆಂದರೆ ಇದು ಯಾರನ್ನೂ ಒಲೆಯ ಮುಂದೆ ಕೂರಿಸುವುದಿಲ್ಲ. ಕೆಲಸ ಕಡಿಮೆಯಲ್ಲ, ನಿಜ ಹೇಳಬೇಕೆಂದರೆ ಹೆಚ್ಚೇ. ಆದರೆ ಅದನ್ನು ಮುಂಚೆಯೇ ಮುಗಿಸಬಹುದು, ನಾಲ್ಕು ಮನೆಯ ಹೆಣ್ಣುಮಕ್ಕಳು ಸೇರಿ ಮುಗಿಸಬಹುದು. ಸಂಜೆಯ ಹೊತ್ತಿಗೆ ಬಟ್ಟೆಯಲ್ಲಿ ಗಂಟು ಕಟ್ಟಿ ಗಾಡಿಯಲ್ಲಿಟ್ಟರೆ, ಕಟ್ಟಿದವಳೂ ಅದೇ ಗಾಡಿ ಹತ್ತುತ್ತಾಳೆ. ಬಡಿಸುವ ಕೆಲಸವಿಲ್ಲ, ಬಿಚ್ಚಿದರಾಯಿತು. ಮುತ್ಯಾನ ವಹಿಯ ‘ಜನ ಹತ್ತು’ ಎಂಬುದರ ಗುಟ್ಟು ಇಷ್ಟೇ.

ಆದರೆ ಗಾಡಿ ಕಟ್ಟಲು ಒಂದು ಕಾರಣ ಬೇಕಿತ್ತು. ನಮ್ಮ ಮನೆಯಲ್ಲಿ ಆ ಕಾರಣ ಎರಡು ಬಗೆಯದು. ಒಂದು ಅಭಿಮಾನ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರಲ್ಲಿ ಬಂತು, ಬಿ. ಸರೋಜಾದೇವಿ ಚೆನ್ನಮ್ಮನಾಗಿ. ಕಿತ್ತೂರು ನಮ್ಮ ಜಿಲ್ಲೆಯದೇ. ಅದನ್ನು ನೋಡಲು ಹೆಂಗಸರು ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅವ್ವ ಮದುವೆಯಾಗಿ ಬಂದ ಮೇಲೆ ನೋಡಿದ ಮೊದಲ ಸಿನಿಮಾ ಅದು, ಗಾಡಿಯಲ್ಲಿ ಹೋಗಿ, ಆರಂಭದಿಂದ.

ಇನ್ನೊಂದು ಕಾರಣ ದೇವರು. ಆಯಿಯ ಕಾಲಕ್ಕೆ ತುಕಾರಾಮ ಮಾಡಿದ ಕೆಲಸವನ್ನು ಅವ್ವನ ಕಾಲಕ್ಕೆ 1975ರ ಹಿಂದಿ ಚಿತ್ರ ‘ಜೈ ಸಂತೋಷಿ ಮಾ’ ಮಾಡಿತು. ನಮ್ಮ ಕಡೆ ಅದು ಬರುವುದು ಸ್ವಲ್ಪ ತಡವಾಯಿತು. ತಂಬುವಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದವರನ್ನು, ಪರದೆಗೆ ಹೂವು, ಚಿಲ್ಲರೆ ತೂರಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೇಶದ ಎಷ್ಟೋ ಕಡೆ ಹೀಗೆಯೇ ನಡೆದದ್ದು ಆಮೇಲೆ ಓದಿ ತಿಳಿಯಿತು. ಆ ಸಿನಿಮಾದಿಂದ ಶುಕ್ರವಾರದ ವ್ರತ ಮನೆಮನೆಗೆ ಬಂತು. ಬೆಲ್ಲ, ಕಡಲೆ ನೈವೇದ್ಯ, ಹದಿನಾರು ಶುಕ್ರವಾರ, ಆ ದಿನ ಹುಳಿ ಮುಟ್ಟುವಂತಿಲ್ಲ. ನಮ್ಮ ಊಟದಿಂದ ಹುಳಿ ತೆಗೆದರೆ ಏನು ಉಳಿಯಿತು? ಮೊಸರಿಲ್ಲ, ಹುಣಸೆಯಿಲ್ಲ, ಎಣ್ಣೆಗಾಯಿಗೆ ಜೀವವಿಲ್ಲ, ಹೆಸರಿಗೇ ಹುಳಿಯಾದ ಪುಂಡಿಪಲ್ಯವಂತೂ ಇಲ್ಲ. ಅವ್ವ, ಕಾಕು ಆ ಶುಕ್ರವಾರ ಹುಳಿಯಿಲ್ಲದ ಬುತ್ತಿ ಕಟ್ಟಿದರು: ರೊಟ್ಟಿ, ಶೇಂಗಾ ಹಿಂಡಿ, ಎಳೆಯ ಮೆಂತ್ಯಪಲ್ಯ, ಬೆಲ್ಲ, ತುಪ್ಪ. ಮುತ್ಯಾ ಮರುಮಾತಾಡದೆ ಎತ್ತು ಹೂಡಿದ. ದೇವಿಯ ಹೆಸರು ಹೇಳಿ ಓಣಿಯ ಹೆಣ್ಣುಮಕ್ಕಳೆಲ್ಲ ಒಂದು ರಾತ್ರಿಯ ರಜೆ ಪಡೆದಿದ್ದರು ಎಂದು ಈಗ ಅನಿಸುತ್ತದೆ. ಅವರ ಭಕ್ತಿಯೂ ಸುಳ್ಳಲ್ಲ, ರಜೆಯೂ ಸುಳ್ಳಲ್ಲ.

ಆ ರಾತ್ರಿಯ ಇನ್ನೊಂದು ಚಿತ್ರ ಹೇಳದೆ ಹೋದರೆ ಈ ಚರಿತ್ರೆ ಬರೀ ಸಿಹಿಯಾದೀತು. ನಮ್ಮ ಮನೆ ಶಾಖಾಹಾರಿಗಳದು. ಓಣಿಯ ಎಲ್ಲ ಮನೆಗಳೂ ಹಾಗಲ್ಲ. ಆದರೂ ತಂಬುವಿನಲ್ಲಿ ಬಿಚ್ಚಿದ ಗಂಟುಗಳಲ್ಲಿ ಕಂಡದ್ದೆಲ್ಲ ರೊಟ್ಟಿ, ಹಿಂಡಿ, ಕಾಳು, ಪಲ್ಯವೇ. ಕೆಡದೆ ಉಳಿಯುವುದು ಅದು, ಕೈಬೀಸಿ ಕರೆದು ‘ತಗೋರಿ’ ಎನ್ನಲು ಬರುವುದೂ ಅದು. ಹಾಗಾದರೆ ಎಲ್ಲರೂ ಹಂಚಿಕೊಂಡು ಉಂಡರೇ? ಇಲ್ಲ. ನೆಲದ ಟಿಕೀಟಿನಲ್ಲಿ ಎಲ್ಲರೂ ಒತ್ತೊತ್ತಾಗಿ ಕೂತಿದ್ದರು, ಕತ್ತಲೆಯಲ್ಲಿ ಯಾರ ಮೊಣಕಾಲು ಯಾರಿಗೆ ತಾಗಿತೋ ಕೇಳಿದವರಿಲ್ಲ. ಮಧ್ಯಂತರದ ದೀಪ ಹತ್ತಿ ಬುತ್ತಿ ಬಿಚ್ಚುವಾಗ ಮಾತ್ರ ಗುಂಪುಗಳು ಬೇರೆಯಾದವು. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಪರದೆಯ ಬುಡದಲ್ಲಿ ಮಗಳ ಜೊತೆ ಕೂತಿದ್ದಳು. ಅವ್ವ ಎದ್ದು ಹೋಗಿ ಎರಡು ರೊಟ್ಟಿಯ ಮೇಲೆ ಹಿಂಡಿ, ಬೆಲ್ಲ ಇಟ್ಟು ಕೊಟ್ಟಳು. ಆಕೆ ಎರಡೂ ಕೈ ಚಾಚಿ ಈಸಿಕೊಂಡಳು. ಅವಳ ಗಂಟಿನಲ್ಲಿಯೂ ರೊಟ್ಟಿ ಇತ್ತು, ಪುಟಾಣಿ ಹಿಂಡಿ ಇತ್ತು. ಅದರಿಂದ ಒಂದು ತುಣುಕನ್ನೂ ಅವ್ವ ಕೇಳಲಿಲ್ಲ, ಆಕೆ ಕೊಡಲೂ ಇಲ್ಲ. ನಾನು ಅವಳ ಮಗಳ ಜೊತೆ ಹಗಲೆಲ್ಲ ಆಡುತ್ತಿದ್ದವಳು. ಆ ರಾತ್ರಿ ಏನೂ ತೋಚಲಿಲ್ಲ, ತೋಚಿದ್ದು ಪಾಠ ಹೇಳಲು ನಿಂತ ಎಷ್ಟೋ ವರ್ಷಗಳ ಮೇಲೆ. ಅವ್ವನಿಗೆ ಒಲೆಯಿಂದ ಬಿಡುಗಡೆ ಕೊಟ್ಟ ಬುತ್ತಿಯೇ ಇನ್ನೊಂದು ಗೆರೆಯನ್ನು ಹಾಗೇ ಉಳಿಸಿತ್ತು.

ತಂಬುಗಳ ಕಾಲ ಮುಗಿಸಿದ್ದು ಮನೆಯ ವಿದ್ಯುತ್ತು. ಇದರಲ್ಲಿ ಹುಕ್ಕೇರಿಯ ಕತೆ ದೊಡ್ಡದು. ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳೆಂಬ ಪ್ರಯೋಗವನ್ನು ದೇಶದ ಐದು ಕಡೆ ಮೊದಲು ಮಾಡಿ ನೋಡಿದಾಗ ನಮ್ಮ ರಾಜ್ಯದಿಂದ ಆಯ್ಕೆಯಾದದ್ದು ಹುಕ್ಕೇರಿ. 1969ರಲ್ಲಿ ಅಲ್ಲಿ ಸಂಘ ಹುಟ್ಟಿತು. ರೈತರೇ ಸದಸ್ಯರಾದ ಸಂಘವೊಂದು ಹಳ್ಳಿಗಳಿಗೆ ಕರೆಂಟು ಹಂಚುವುದು ಇವತ್ತಿಗೂ ಕರ್ನಾಟಕದಲ್ಲಿ ಅಪರೂಪದ ಸಂಗತಿ. ಅವ್ವನ ತವರಿನಲ್ಲಿ ನಮ್ಮ ಮನೆಗಿಂತ ಮುಂಚೆ ದೀಪ ಬಂತು. ಮುಂದೆ ಸೋದರಮಾವನ ಪಡಸಾಲೆಗೆ ಟಿವಿಯೂ ಬಂತು. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಗಿದ್ದರೂ ಅದರ ಕಾರ್ಯಕ್ರಮ ನಮ್ಮ ಕಡೆಯ ಆಂಟೆನಾಗಳಿಗೆ ದಕ್ಕಲು ಕೆಲವು ವರ್ಷ ಬೇಕಾದವು. ಅಷ್ಟರಲ್ಲಿ ವಿಸಿಆರ್ ಬಂದಿತ್ತು. ಗಣಪತಿ ಹಬ್ಬಕ್ಕೋ ಮದುವೆಯ ಮರುದಿನಕ್ಕೋ ಟಿವಿ, ವಿಸಿಆರ್ ಬಾಡಿಗೆಗೆ ತಂದು ರಾತ್ರಿಯೆಲ್ಲ ಮೂರು ಸಿನಿಮಾ ಹಾಕುವುದು.

ಮನೆಗೇ ಸಿನಿಮಾ ಬಂದರೆ ಹೆಣ್ಣುಮಕ್ಕಳಿಗೆ ಅನುಕೂಲವಾಗಬೇಕಿತ್ತು. ಆದದ್ದು ಉಲ್ಟಾ. ಈಗ ಯಾರೂ ಗಾಡಿ ಕಟ್ಟಬೇಕಿಲ್ಲ, ಆದ್ದರಿಂದ ಬುತ್ತಿ ಕಟ್ಟುವ ಕಾರಣವೂ ಇಲ್ಲ. ಪಡಸಾಲೆಯಲ್ಲಿ ಇಪ್ಪತ್ತು ಜನ, ಒಳಗೆ ಒಲೆ ಉರಿಯುತ್ತಲೇ ಇದೆ. ಮೊದಲ ಸಿನಿಮಾಕ್ಕೆ ಊಟ, ಎರಡನೆಯದಕ್ಕೆ ಚುರುಮುರಿ, ಚಹಾ, ಮೂರನೆಯದರ ಹೊತ್ತಿಗೆ ಬೆಳಗಿನ ಅವಲಕ್ಕಿ. 1987ರಲ್ಲಿ ‘ರಾಮಾಯಣ’ ಶುರುವಾದಾಗ ಮಾತ್ರ ಭಾನುವಾರ ಬೆಳಿಗ್ಗೆ ಒಲೆ ಆರಿಸಿ ಎಲ್ಲರೂ ಕೂತೆವು. ಮತ್ತೆ ದೇವರ ಹೆಸರೇ ಬೇಕಾಯಿತು. ಆ ಹೊತ್ತಿಗೆ ನಾನು ಇಪ್ಪತ್ತು ದಾಟಿದವಳು. ತಂಬುವಿನಲ್ಲಿ ಏಳು ಜನರ ಲೆಕ್ಕಕ್ಕೆ ಬರುತ್ತಿದ್ದ ನನ್ನ ಅಣ್ಣಂದಿರು ಪಡಸಾಲೆಯಲ್ಲಿದ್ದರು, ಕೂಸಾಗಿ ಪುಕ್ಕಟೆ ನೋಡಿದ ನಾನು ಅವ್ವನ ಪಕ್ಕ ಎರಡನೆಯ ಹಂಚಿನ ಮುಂದೆ. ಒಮ್ಮೆ ನನ್ನ ಬಾಯಿಂದಲೂ ಅದೇ ಮಾತು ಬಂತು: ‘ಎಷ್ಟ ಆತು?’ ಅವ್ವ ನನ್ನ ಮುಖ ನೋಡಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ನೌಕರಿ ಸಿಕ್ಕ ಮೇಲೆ ನಾನು ಬಿಸಿ ರೊಟ್ಟಿ ಬಿಟ್ಟೆ ಎಂದರೆ ಸುಳ್ಳಾದೀತು. ಬಿಡಲಿಲ್ಲ. ಗಂಡನಿಗೆ ಹಂಚು ಹಿಡಿಯುವುದನ್ನು ಕಲಿಸಲು ಹತ್ತು ವರ್ಷ ಹಿಡಿಯಿತು, ಅವರ ರೊಟ್ಟಿ ಇನ್ನೂ ದುಂಡಗಾಗಿಲ್ಲ. ಸಿನಿಮಾದ ರಾತ್ರಿ ಮಾತ್ರ ನಮ್ಮ ಮನೆಯಲ್ಲಿ ಖಡಕ್ ರೊಟ್ಟಿಯೇ. ಈಗ ನಮ್ಮ ಊರುಗಳಲ್ಲಿ ಅದನ್ನೇ ಮಾಡಿ ಮಾರಿ ಬದುಕು ಕಟ್ಟಿಕೊಂಡ ಹೆಣ್ಣುಮಕ್ಕಳಿದ್ದಾರೆ. ಅವರಿಂದ ತರುತ್ತೇನೆ. ತರುವಾಗ ಒಮ್ಮೊಮ್ಮೆ ಅನಿಸುತ್ತದೆ, ಇದು ಇವರ ಸಂಜೆಯಲ್ಲವೇ ಎಂದು. ದು­ಡ್ಡು ಕೊಟ್ಟ ಮಾತ್ರಕ್ಕೆ ಆ ಪ್ರಶ್ನೆ ಪೂರ್ತಿ ಹೋಗುವುದಿಲ್ಲ, ಆದರೆ ಯಾರ ವಹಿಯಲ್ಲಿಯೂ ಬರದೆ ಹೋದ ಅವ್ವನ ಸಂಜೆಗಳಿಗಿಂತ ಅದು ಮೇಲು.

ಹೋದ ಸುಗ್ಗಿಯಲ್ಲಿ ಅವ್ವ ನನ್ನ ಬಳಿ ಬಂದು ಒಂದು ತಿಂಗಳು ಇದ್ದಳು. ಎಂಬತ್ತು ದಾಟಿದ್ದಾಳೆ, ಕಿವಿ ಸ್ವಲ್ಪ ಮಂದ. ಒಂದು ಶನಿವಾರ ‘ಬಂಗಾರದ ಮನುಷ್ಯ’ ಹಾಕಿದೆ. 1972ರ ಚಿತ್ರ. ನಮ್ಮ ಊರಿನ ತಂಬುವಿಗೆ ಅದು ಬಂದಾಗ ಮನೆಯ ಗಂಡಸರೆಲ್ಲ ಎರಡೆರಡು ಸಲ ನೋಡಿದ್ದರು. ಅವ್ವನೂ ನೋಡಿದ್ದಳು, ಎರಡು ಸಲವೂ ನಡುವಿನಿಂದ. ರಾಜೀವ ಕೊನೆಗೆ ಎಲ್ಲವನ್ನೂ ಬಿಟ್ಟು ನಡೆದುಹೋಗುವುದು ಅವಳಿಗೆ ಗೊತ್ತು. ಅದನ್ನು ಎಷ್ಟೋ ಸಲ ಹೇಳಿ ಕಣ್ಣು ಒರೆಸಿಕೊಂಡಿದ್ದಾಳೆ. ಅವನು ಆ ಊರಿಗೆ ಬಂದದ್ದು ಯಾಕೆಂಬುದು ಗೊತ್ತಿರಲಿಲ್ಲ. ಹೊಲ ಕೊಳ್ಳಲು ಬಂದ ಶ್ರೀಮಂತ ಎಂದೇ ಅವಳು ಐವತ್ತು ವರ್ಷ ತಿಳಿದಿದ್ದಳು.

ಗಂಗಾಳದಲ್ಲಿ ರೊಟ್ಟಿ ಮುರಿದು ಹಾಕಿ, ಮೇಲೆ ಮೊಸರು, ಶೇಂಗಾ ಹಿಂಡಿ ಕಲಸಿ ಅವಳ ಕೈಗೆ ಕೊಟ್ಟೆ. ಹಲ್ಲಿಲ್ಲದ ಬಾಯಿಗೆ ನೆನೆದ ರೊಟ್ಟಿಯೇ ಸರಿ. ಸಿನಿಮಾ ಶುರುವಾಯಿತು. ಅಕ್ಕನ ಮನೆಗೆ ಬಂದ ರಾಜೀವನ ಎದುರಿಗೆ ಅಕ್ಕನ ಗಂಡ ತೀರಿಕೊಂಡ ದುಃಖ. ಇಡೀ ಮನೆಯ ಭಾರ ಅವನ ಹೆಗಲಿಗೆ ಬಂದದ್ದು ಹೀಗೆ ಎಂದು ತೆರೆ ತೋರಿಸುತ್ತಿದ್ದಾಗ ಅವ್ವ ಉಣ್ಣುವುದನ್ನು ನಿಲ್ಲಿಸಿದ್ದಳು. ಬಹಳ ಹೊತ್ತಾದ ಮೇಲೆ ಹೇಳಿದಳು:

‘ಅಕ್ಕನ ಮಕ್ಕಳ ಸಲುವಾಗಿ ನಿಂತಂವಾ ಇಂವಾ. ನನಗ ಯಾರೂ ಹೇಳೇ ಇಲ್ಲಲ್ಲ.’

ನಾವು ಹೇಳಿದ್ದೆವು. ರೀಲು ಬದಲಾಗುವ ಎರಡು ನಿಮಿಷದಲ್ಲಿ, ಅವಸರದಲ್ಲಿ, ಪರದೆಯ ಕಡೆ ಕಣ್ಣಿಟ್ಟುಕೊಂಡೇ ಹೇಳಿದ್ದೆವು. ಅದು ಅವಳಿಗೆ ಮುಟ್ಟಿರಲಿಲ್ಲ. ಆ ರಾತ್ರಿ ಅವಳು ‘ಎಷ್ಟ ಆತು?’ ಎಂದು ಒಮ್ಮೆಯೂ ಕೇಳಲಿಲ್ಲ. ಮಧ್ಯಂತರ ಬಂದಾಗ ನಾನೇ ಎದ್ದು ಅವಳ ಗಂಗಾಳಕ್ಕೆ ಇನ್ನಷ್ಟು ಮೊಸರು ಹಾಕಿದೆ.